ಸತ್ತವರ ಹೆಸರು ಎಷ್ಟನೇ ಪುಟದಲ್ಲಿದೆ?

ನನ್ನ ಸೋದರಮಾವನದು ಕಲಾಸಿಪಾಳ್ಯದ ಹತ್ತಿರ ಒಂದು ದಿನಸಿ ಅಂಗಡಿ. ಎಂಬತ್ತರ ದಶಕದ ಮಾತು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಒಬ್ಬ ಹುಡುಗ ಬಂದು ತಕ್ಕಡಿಯ ಪಕ್ಕ ನಿಲ್ಲುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಮಾವ ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು, ಕಡಲೆಬೀಜ ಕಟ್ಟಿಕೊಡುವ ಹಾಗೆ ಹಳೇ ಪೇಪರಿನಲ್ಲಿ ಮಡಚಿ ಅವನ ಕೈಗಿಡುತ್ತಿದ್ದರು. ಅದಕ್ಕೆ ಮಾಮೂಲು ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. "ಯಾರು ಮಾವ ಅದು?" ಎಂದರೆ, "ಯಾರೂ ಇಲ್ಲ ಮರಿ, ನೀನು ಒಳಗೆ ಹೋಗು" ಎನ್ನುತ್ತಿದ್ದರು.

ಆ ಹುಡುಗನನ್ನು ಕಳಿಸುತ್ತಿದ್ದ ರೌಡಿಯ ಕಥೆ ಮುಂದೆ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅಂಗಡಿ ಬಾಗಿಲು ಹಾಕಿ ಬಂದ ಮಾವ ಕೈಕಾಲು ತೊಳೆದು ಮೊದಲು ಓದುತ್ತಿದ್ದದ್ದು ಅದನ್ನೇ. ಅವನ ಧೈರ್ಯ, ಅವನ ಬೈಕು, ಯಾವುದೋ ಬಡ ಹುಡುಗಿಯ ಮದುವೆಗೆ ಅವನು ಕೊಟ್ಟ ದುಡ್ಡು, ಕೊನೆಗೆ ಅವನಿಗೆ ಬಿದ್ದ ಮಚ್ಚಿನೇಟು, ಎಲ್ಲವೂ ಅದರಲ್ಲಿತ್ತು. ವರ್ಷಗಟ್ಟಲೆ ಒಂದು ಶನಿವಾರವೂ ತಪ್ಪದೆ ದುಡ್ಡು ಕೊಟ್ಟ ಅಂಗಡಿಗಳ ಮಾತು ಮಾತ್ರ ಒಂದು ಸಾಲೂ ಇರಲಿಲ್ಲ. ಆ ಬಡ ಹುಡುಗಿಯ ಮದುವೆಗೆ ಹೋದ ದುಡ್ಡಿನಲ್ಲಿ ತಮ್ಮದೂ ಇದ್ದಿರಬೇಕು ಎಂದು ಮಾವನಿಗೆ ಹೊಳೆಯಲಿಲ್ಲ. ಓದುವಾಗ ಅವರು ರೌಡಿಯ ಪಕ್ಕದಲ್ಲಿ ಕೂತಿದ್ದರು.

ಪಾತಕಲೋಕದ ಪುಸ್ತಕಗಳ ಶಕ್ತಿಯೂ ಅಪಾಯವೂ ಇದೇ. ಆಮೇಲೆ ನಾನೂ ಅವುಗಳನ್ನು ಬಹಳ ಓದಿದೆ, ಈಗಲೂ ಓದುತ್ತೇನೆ. ಇಂಥದ್ದನ್ನೆಲ್ಲ ಯಾಕೆ ಓದುತ್ತೀರಿ ಎಂದು ಕೇಳುವವರಿದ್ದಾರೆ. ನನಗೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಒಂದು ಊರಿನಲ್ಲಿ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಪೊಲೀಸ್ ಠಾಣೆಯ ಬಾಗಿಲು ಯಾರಿಗೆ ತೆರೆಯುತ್ತದೆ, ಸಾಧಾರಣ ಮನೆಯ ಹುಡುಗ ಬಾಂಬಿಡುವ ಹಂತಕ್ಕೆ ಹೇಗೆ ಬರುತ್ತಾನೆ ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಒಳ್ಳೆಯ ಅಪರಾಧ ಕಥನ ಹೇಳುತ್ತದೆ. ಆದರೆ ಓದುವಾಗ ನಾವು ಯಾರ ಪಕ್ಕದಲ್ಲಿ ಕೂತಿದ್ದೇವೆ ಎಂದು ಆಗಾಗ ನೋಡಿಕೊಳ್ಳಬೇಕು.

ನಮ್ಮ ಬೆಂಗಳೂರಿನಿಂದಲೇ ಶುರು ಮಾಡೋಣ. ಇಲ್ಲಿನ ಹೆಸರಾಂತ ರೌಡಿಗಳಲ್ಲಿ ಕೊತ್ವಾಲ ರಾಮಚಂದ್ರ ಕೊಲೆಯಾದದ್ದು 1986ರಲ್ಲಿ, ಎಂ.ಪಿ. ಜಯರಾಜ್ 1989ರಲ್ಲಿ. ಐವತ್ತು ದಾಟಿದ ಬೆಂಗಳೂರಿಗರ ಮುಂದೆ ಈ ಹೆಸರು ಎತ್ತಿದರೆ ಸಾಕು, ಕಾಫಿ ಆರುವವರೆಗೂ ಕಥೆ ಹೇಳುತ್ತಾರೆ. ಕನ್ನಡದಲ್ಲಿ ಈ ಲೋಕವನ್ನು ಓದುಗರ ಮನೆಗೆ ತಂದವರಲ್ಲಿ ರವಿ ಬೆಳಗೆರೆ ಒಬ್ಬರು, ಅಗ್ನಿ ಶ್ರೀಧರ್ ಇನ್ನೊಬ್ಬರು. ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಒಳಗಿದ್ದವರೇ ಬರೆದ ಪುಸ್ತಕ. ಕೊತ್ವಾಲನ ಕೊಲೆಯಲ್ಲಿ ತಮ್ಮ ಪಾತ್ರವನ್ನೂ ಅವರು ಮುಚ್ಚಿಡುವುದಿಲ್ಲ. ರೌಡಿಗೂ ರಾಜಕಾರಣಿಗೂ ಇರುವ ಕೊಡುಕೊಳ್ಳುವಿಕೆಯನ್ನು ಅಷ್ಟು ಹತ್ತಿರದಿಂದ ತೋರಿಸಿದ ಬರಹ ಕನ್ನಡದಲ್ಲಿ ಕಡಿಮೆ. 2007ರಲ್ಲಿ ಬಂದ ‘ಆ ದಿನಗಳು’ ಸಿನಿಮಾದ ಬೇರೂ ಅದೇ. ಅದಕ್ಕೂ ಮೊದಲು, 1995ರ ‘ಓಂ’ ಚಿತ್ರದಲ್ಲಂತೂ ನಿಜವಾದ ರೌಡಿಗಳೇ ತೆರೆಯ ಮೇಲೆ ಕಾಣಿಸಿಕೊಂಡರು, ಜನ ಶಿಳ್ಳೆ ಹೊಡೆದರು.

ಒಳಗಿದ್ದವರ ಪುಸ್ತಕಕ್ಕೆ ಒಂದು ಮಿತಿ ಇದ್ದೇ ಇರುತ್ತದೆ. ಅದನ್ನು ಬರೆದಿರುವುದು ಕೊಲೆಗೆ ಸ್ಕೆಚ್ ಹಾಕುವ ಮೇಜಿನ ಕಡೆಯಿಂದ. ಆ ಮೇಜಿನಿಂದ ನೋಡಿದರೆ ಅಂಗಡಿಯವನು ಕಾಣುವುದಿಲ್ಲ, ಆಸ್ಪತ್ರೆಯ ಹೊರಗೆ ಕೂತ ಹೆಂಡತಿ ಕಾಣುವುದಿಲ್ಲ. ಇದು ಬರೆದವರ ತಪ್ಪು ಎಂದು ನಾನು ಹೇಳುತ್ತಿಲ್ಲ, ಅವರು ಕಂಡದ್ದನ್ನು ಬರೆದಿದ್ದಾರೆ. ಮಿಕ್ಕದ್ದನ್ನು ಬೇರೆ ಯಾರಾದರೂ ಬರೆಯಬೇಕಿತ್ತು, ಬರೆಯಲಿಲ್ಲ.

ಸಂಘಟಿತ ಅಪರಾಧಕ್ಕೂ ಭಯೋತ್ಪಾದನೆಗೂ ಏನು ನಂಟು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಎಸ್. ಹುಸೇನ್ ಜೈದಿಯವರ ‘ಬ್ಲ್ಯಾಕ್ ಫ್ರೈಡೆ’ ಓದಿದಾಗ. 1993ರ ಮಾರ್ಚ್ 12, ಶುಕ್ರವಾರ. ಶೇರುಪೇಟೆಯ ಕಟ್ಟಡದಿಂದ ಶುರುವಾಗಿ ಮುಂಬೈಯ ಉದ್ದಗಲಕ್ಕೂ ಸುಮಾರು ಎರಡು ತಾಸಿನಲ್ಲಿ ಒಂದಾದ ಮೇಲೊಂದು ಬಾಂಬು ಸಿಡಿದವು. 257 ಜನ ಸತ್ತರು. ಇದು ಎಲ್ಲರಿಗೂ ಗೊತ್ತು. ಆ ಸ್ಫೋಟಕ ಊರೊಳಕ್ಕೆ ಬಂದದ್ದು ಹೇಗೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅದು ರಾಯಗಡ ಜಿಲ್ಲೆಯ ಶೇಖಾಡಿ, ದಿಘಿ ಎಂಬ ಕಡಲತೀರದ ಹಳ್ಳಿಗಳಲ್ಲಿ ಇಳಿಯಿತು. ಕೊಂಕಣ ತೀರದಲ್ಲಿ ವರ್ಷಗಳಿಂದ ಚಿನ್ನ, ಬೆಳ್ಳಿ ಕಳ್ಳಸಾಗಣೆ ನಡೆಯುತ್ತಿತ್ತು. ದೋಣಿಯವರು ಗೊತ್ತಿದ್ದರು, ಲಾರಿಯವರು ಗೊತ್ತಿದ್ದರು, ಯಾವ ಅಧಿಕಾರಿಗೆ ಎಷ್ಟು ಕೊಟ್ಟರೆ ಕಣ್ಣು ಮುಚ್ಚುತ್ತಾನೆ ಎಂಬುದೂ ಗೊತ್ತಿತ್ತು. ಹೊಸದಾಗಿ ಏನನ್ನೂ ಕಟ್ಟಬೇಕಾಗಿರಲಿಲ್ಲ. ಬೆಳ್ಳಿ ಬರುತ್ತಿದ್ದ ದಾರಿಯಲ್ಲಿ ಆರ್‌ಡಿಎಕ್ಸ್ ಬಂತು, ಅಷ್ಟೆ. ಮುಂದೆ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿಯ ನ್ಯಾಯಾಲಯ ಅಪರಾಧಿಗಳೆಂದು ತೀರ್ಮಾನಿಸಿದ 100 ಜನರಲ್ಲಿ ಕಸ್ಟಮ್ಸ್ ಅಧಿಕಾರಿಗಳೂ ಇದ್ದರು, ಪೊಲೀಸರೂ ಇದ್ದರು. ಈ ಅಧಿಕಾರಿಗಳಲ್ಲಿ, ಪೊಲೀಸರಲ್ಲಿ ಬಹುತೇಕರು ಮುಂಬೈಯನ್ನು ಸುಡಬೇಕೆಂದು ಹೊರಟವರಲ್ಲ. ಮಾಮೂಲು ತೆಗೆದುಕೊಂಡು ಅಭ್ಯಾಸವಾದವರು.

ಈ ಭಾಗ ಓದುವಾಗ ನನಗೆ ಮಾವನ ಅಂಗಡಿಯ ಆ ಪೇಪರಿನ ಪೊಟ್ಟಣ ನೆನಪಾಯಿತು. ಮಾಮೂಲು ಎಂಬ ಪದವನ್ನೇ ನೋಡಿ. ಎಂದಿನದು, ರೂಢಿಯದು ಎಂದು ಅದರ ಅರ್ಥ. ಲಂಚಕ್ಕೆ ನಾವು ಇಟ್ಟುಕೊಂಡಿರುವ ಹೆಸರೇ ಹೇಳುತ್ತದೆ, ಅದು ನಮಗೆ ಎಷ್ಟು ಒಗ್ಗಿಹೋಗಿದೆ ಎಂದು.

ಅದೇ ಮುಂಬೈ ಪ್ರಕರಣ ಇನ್ನೊಂದು ಪಾಠವನ್ನೂ ಕಲಿಸಿತು. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಸಾಮಾನ್ಯವಾಗಿ ಸಾಕ್ಷ್ಯವಾಗುವುದಿಲ್ಲ. ಲಾಠಿಯ ಭಯದಲ್ಲಿ ಮನುಷ್ಯ ಏನನ್ನೂ ಒಪ್ಪಿಕೊಂಡಾನು ಎಂಬ ಎಚ್ಚರಿಕೆ ಅದರ ಹಿಂದಿದೆ. ಟಾಡಾ ಕಾಯ್ದೆ ಆ ಬೇಲಿಯನ್ನು ಕಿತ್ತಿತ್ತು. ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ಹೇಳಿಕೆಯೂ ನ್ಯಾಯಾಲಯದಲ್ಲಿ ನಿಲ್ಲುತ್ತಿತ್ತು. ಮುಂಬೈ ಮೊಕದ್ದಮೆಯ ದೊಡ್ಡ ಭಾಗ ನಿಂತದ್ದು ಅಂಥ ಹೇಳಿಕೆಗಳ ಮೇಲೆ. ಹಾಗಾಗಿ ಇಂಥ ಪುಸ್ತಕಗಳಲ್ಲಿ ‘ಅವನು ಮನಸ್ಸಿನಲ್ಲೇ ಅಂದುಕೊಂಡ’ ಎಂಬ ಬಗೆಯ ವಾಕ್ಯ ಬಂದಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ. ಅವನ ಮನಸ್ಸಿನ ಮಾತು ಬರೆದವರಿಗೆ ತಿಳಿದದ್ದು ಎಲ್ಲಿಂದ? ಅವನೇ ಹೇಳಿದನೇ, ಆರೋಪಪಟ್ಟಿಯಲ್ಲಿತ್ತೇ, ಪೊಲೀಸರು ಹೇಳಿದರೇ? ಉತ್ತರ ಪುಸ್ತಕದಲ್ಲಿ ಸಿಕ್ಕರೆ ಆ ಲೇಖಕನನ್ನು ನಂಬುತ್ತೇನೆ.

ಆರೋಪಿ, ಅಪರಾಧಿ ಎಂಬ ಎರಡು ಪದಗಳನ್ನು ನಾವು ಬಹಳ ಸುಲಭವಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿಬಿಡುತ್ತೇವೆ. ‘ಬ್ಲ್ಯಾಕ್ ಫ್ರೈಡೆ’ ಆಧರಿಸಿ ಅನುರಾಗ್ ಕಶ್ಯಪ್ ಮಾಡಿದ ಚಿತ್ರಕ್ಕೆ ಬಾಂಬೆ ಹೈಕೋರ್ಟಿನಲ್ಲಿ ತಡೆ ಬಿದ್ದದ್ದು ಈ ಕಾರಣಕ್ಕೇ. ತೀರ್ಪಿಗೆ ಮೊದಲೇ ಆರೋಪಿಗಳನ್ನು ಅಪರಾಧಿಗಳಾಗಿ ತೋರಿಸಿದರೆ ವಿಚಾರಣೆಯ ಗತಿ ಏನು ಎಂಬುದು ಪ್ರಶ್ನೆಯಾಗಿತ್ತು. ಚಿತ್ರ ತೆರೆಗೆ ಬಂದದ್ದು 2007ರಲ್ಲಿ. ತಡವಾಯಿತೆಂದು ಬೇಸರಪಟ್ಟವರಲ್ಲಿ ನಾನೂ ಒಬ್ಬ. ಈಗ ಆ ತಡೆ ಸರಿಯಾಗಿತ್ತು ಅನಿಸುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ನೋವಾಗುವ ಮಾತೊಂದಿದೆ. ಆ ಸ್ಫೋಟಗಳಿಗೆ ಮೊದಲು, 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ, ಅದೇ ಮುಂಬೈಯ ಗಲಭೆಗಳಲ್ಲಿ 900 ಜನ ಸತ್ತರು ಎಂದು ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ ಲೆಕ್ಕ ಕೊಟ್ಟಿದೆ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು, ಉಳಿದವರಲ್ಲಿ ಹೆಚ್ಚಿನವರ ಗುರುತೇ ಹತ್ತಲಿಲ್ಲ. ಬಾಂಬಿನ ಕಥೆಗೆ ಪುಸ್ತಕ, ಸಿನಿಮಾ, ಧಾರಾವಾಹಿ ಎಲ್ಲ ಬಂದವು. ಗಲಭೆಯ ಕಥೆ ಹೆಚ್ಚಾಗಿ ಆಯೋಗದ ವರದಿಯಲ್ಲೇ ಉಳಿಯಿತು. ಬಾಂಬಿಗೆ ಒಬ್ಬ ಸೂತ್ರಧಾರ ಇರುತ್ತಾನೆ, ಓಡಿಹೋಗುತ್ತಾನೆ, ಬೆನ್ನಟ್ಟಬಹುದು. ಗಲಭೆಯಲ್ಲಿ ಪಕ್ಕದ ಬೀದಿಯವನೇ ಕಲ್ಲು ಎತ್ತಿರುತ್ತಾನೆ. ಅದನ್ನು ರೋಚಕವಾಗಿ ಬರೆಯಲು ಬರುವುದಿಲ್ಲ. ಕಪಾಟಿನಲ್ಲಿ ಇಲ್ಲದ ಪುಸ್ತಕ ಯಾವುದು ಎಂದು ಕೇಳಿಕೊಳ್ಳುವುದೂ ಓದಿನ ಭಾಗವೇ.

ಈಗ ಹೊರದೇಶಗಳ ಪುಸ್ತಕಗಳ ಕಡೆ ನೋಡೋಣ. 1995ರಲ್ಲಿ ಮೂವತ್ತು ದಿನಗಳ ಅಂತರದಲ್ಲಿ ಎರಡು ದೇಶಗಳು ತಮ್ಮವರ ಕೈಯಿಂದಲೇ ಪೆಟ್ಟು ತಿಂದವು. ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಓಂ ಶಿನ್ರಿಕ್ಯೊ ಎಂಬ ಪಂಥದವರು ಸರಿನ್ ವಿಷಾನಿಲ ಬಿಟ್ಟರು. ಏಪ್ರಿಲ್ 19ರಂದು ಅಮೆರಿಕದ ಓಕ್ಲಹೋಮ ನಗರದಲ್ಲಿ ಸರ್ಕಾರಿ ಕಟ್ಟಡವೊಂದರ ಮುಂದೆ ಸ್ಫೋಟಕ ತುಂಬಿದ ಲಾರಿ ಸಿಡಿದು 168 ಜನ ಸತ್ತರು. ಅವರಲ್ಲಿ 19 ಮಕ್ಕಳು. ಆ ಕಟ್ಟಡದಲ್ಲಿ ಶಿಶುವಿಹಾರವಿತ್ತು.

ಓಕ್ಲಹೋಮದ ಸುದ್ದಿ ಬಂದ ಮೊದಲ ಗಂಟೆಗಳಲ್ಲಿ ಅಮೆರಿಕದ ಟೀವಿಗಳು ಮಧ್ಯಪ್ರಾಚ್ಯದ ಕಡೆ ಬೆರಳು ತೋರಿಸಿದವು. ಅಷ್ಟರಲ್ಲಾಗಲೇ ಬಾಂಬಿಟ್ಟವನು ಸಿಕ್ಕಿಬಿದ್ದಿದ್ದ, ಯಾರಿಗೂ ಗೊತ್ತಿರಲಿಲ್ಲ. ಸ್ಫೋಟವಾಗಿ ಸುಮಾರು ಒಂದೂವರೆ ಗಂಟೆಗೆ ಹೆದ್ದಾರಿಯ ಪೊಲೀಸನೊಬ್ಬ ನಂಬರ್ ಪ್ಲೇಟಿಲ್ಲದ ಹಳೇ ಕಾರೊಂದನ್ನು ನಿಲ್ಲಿಸಿದ್ದ. ಒಳಗಿದ್ದವನು ಟಿಮೊಥಿ ಮೆಕ್‌ವೇ. ಕೊಲ್ಲಿ ಯುದ್ಧದಲ್ಲಿ ಪದಕ ಪಡೆದ ಮಾಜಿ ಸೈನಿಕ. ಸಿಡಿದ ಲಾರಿಯ ಅಚ್ಚಿನ ತುಂಡಿನ ಮೇಲಿದ್ದ ನಂಬರು ಹಿಡಿದು ತನಿಖೆಯವರು ಬಾಡಿಗೆ ಅಂಗಡಿಗೆ, ಅಲ್ಲಿಂದ ಅವನ ಹೆಸರಿಗೆ ಬರುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಅವನು ಇನ್ನೇನು ಬಿಡುಗಡೆಯಾಗುವುದರಲ್ಲಿದ್ದ.

ಲೂ ಮೈಕೆಲ್, ಡ್ಯಾನ್ ಹರ್ಬೆಕ್ ಎಂಬ ಇಬ್ಬರು ಪತ್ರಕರ್ತರು ಜೈಲಿನಲ್ಲಿದ್ದ ಮೆಕ್‌ವೇಯೊಂದಿಗೆ ಸುಮಾರು 75 ತಾಸು ಮಾತಾಡಿ 2001ರಲ್ಲಿ ‘ಅಮೆರಿಕನ್ ಟೆರರಿಸ್ಟ್’ ಬರೆದರು. ಅದೇ ವರ್ಷ ಜೂನ್‌ನಲ್ಲಿ ಅವನಿಗೆ ಮರಣದಂಡನೆಯಾಯಿತು. ಪುಸ್ತಕ ಪ್ರಾಮಾಣಿಕವಾದದ್ದೇ. ಒಬ್ಬ ಮನುಷ್ಯನೊಳಗೆ ಸರ್ಕಾರದ ಮೇಲಿನ ಸಿಟ್ಟು ಹೇಗೆ ಕೀವು ಕಟ್ಟುತ್ತದೆ ಎಂದು ಅದರಿಂದ ತಿಳಿಯುತ್ತದೆ. ಸತ್ತ ಮಕ್ಕಳನ್ನು ಅವನು ಯುದ್ಧದಲ್ಲಿ ಆಗುವ ಬದಿಯ ನಷ್ಟವೆಂಬಂತೆ ಲೆಕ್ಕ ಹಾಕುತ್ತಾನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆದರೆ ಅವನದೇ ಮಾತನ್ನು ಅಷ್ಟು ಹೊತ್ತು ಕೇಳುತ್ತ ಹೋದರೆ, ಅವನು ಕಟ್ಟಿದ ತರ್ಕದ ಮನೆಯೊಳಗೆ ನಾವೂ ಓಡಾಡತೊಡಗುತ್ತೇವೆ. ಕೊಂದವನು ಮಾತುಗಾರನಾಗಿದ್ದರೆ ಪುಸ್ತಕ ಅವನದಾಗಿಬಿಡುತ್ತದೆ.

ಟೋಕಿಯೊದ ಘಟನೆಯ ಬಗ್ಗೆ ಕಾದಂಬರಿಕಾರ ಹರುಕಿ ಮುರಕಮಿ 1997ರಲ್ಲಿ ‘ಅಂಡರ್‌ಗ್ರೌಂಡ್’ ಪ್ರಕಟಿಸಿದರು. ಅವರು ಮೊದಲು ಹೋದದ್ದು ವಿಷ ಬಿಟ್ಟವರ ಬಳಿಗಲ್ಲ, ಅದನ್ನು ಉಸಿರಾಡಿದವರ ಬಳಿಗೆ. ಸುಮಾರು 60 ಜನ. ಪ್ರತಿಯೊಬ್ಬರನ್ನೂ ಮೊದಲು ಕೇಳಿದ್ದು ನಿಮ್ಮ ಊರು ಯಾವುದು, ಏನು ಕೆಲಸ, ಮನೆಯಲ್ಲಿ ಯಾರಿದ್ದಾರೆ ಎಂದು. ಆಮೇಲೆ ಆ ಬೆಳಗಿನ ಮಾತು. ಪುಟ ತಿರುಗಿಸಿದಂತೆಲ್ಲ ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟಬೇಕೆಂದು ಹೊರಟ ಗುಮಾಸ್ತರು, ಕಣ್ಣು ಮಂಜಾದರೂ ಕೆಲಸಕ್ಕೆ ನಡೆದವರು, ಇವರೇ ಕಾಣುತ್ತಾರೆ. ಒಬ್ಬ ಯುವತಿಗೆ ಮಾತು, ನೆನಪು ಎರಡೂ ಹೋಗಿವೆ. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತ ಮುರಕಮಿ, ಅಣ್ಣನ ಸಹಾಯದಿಂದ ಅವಳ ಒಂದೊಂದು ಉಚ್ಚಾರವನ್ನೂ ಬಿಡಿಸಿಕೊಳ್ಳುತ್ತಾರೆ. ಅವಳು ಕಷ್ಟಪಟ್ಟು ಹೇಳುವ ಆಸೆ ಒಂದೇ, ಡಿಸ್ನಿಲ್ಯಾಂಡಿಗೆ ಹೋಗಬೇಕು. ಪಂಥದ ಸದಸ್ಯರನ್ನೂ ಅವರು ಮಾತಾಡಿಸಿದರು, ಆದರೆ ಆನಂತರ. ಈ ಅನುಕ್ರಮದಲ್ಲೇ ಅವರ ನ್ಯಾಯವಿದೆ. ಸತ್ತವರ, ನೊಂದವರ ಹೆಸರು ಎಷ್ಟನೇ ಪುಟದಲ್ಲಿ ಬರುತ್ತದೆ ಎಂದು ನೋಡುವ ಅಭ್ಯಾಸ ನನಗೆ ಹತ್ತಿದ್ದು ಈ ಪುಸ್ತಕದಿಂದ.

ನನ್ನ ಓದಿನಲ್ಲಿ ಇದಕ್ಕೆ ಸಾಟಿಯಾಗುವ ಇನ್ನೊಂದು ಪುಸ್ತಕ ಪ್ಯಾಟ್ರಿಕ್ ರಾಡೆನ್ ಕೀಫ್ ಅವರ ‘ಸೇ ನಥಿಂಗ್’. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷ ನಡೆದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಅಷ್ಟನ್ನೂ ಹೇಳಲು ಕೀಫ್ ಆರಿಸಿಕೊಂಡದ್ದು ಒಬ್ಬ ತಾಯಿಯನ್ನು. 1972ರ ಡಿಸೆಂಬರಿನ ಒಂದು ರಾತ್ರಿ ಬೆಲ್‌ಫಾಸ್ಟಿನ ಮನೆಯೊಂದರಿಂದ ಜೀನ್ ಮೆಕಾನ್‌ವಿಲ್ ಎಂಬ ವಿಧವೆಯನ್ನು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ ಗುಂಪು ಎಳೆದೊಯ್ಯಿತು. ಹತ್ತು ಮಕ್ಕಳ ತಾಯಿ. ಬಂದವರಲ್ಲಿ ನೆರೆಹೊರೆಯವರೂ ಇದ್ದರು. ಮುಖಕ್ಕೆ ಮುಸುಕು ಹಾಕಿದ್ದರೂ ಮಕ್ಕಳಿಗೆ ಕೆಲವರ ಗುರುತು ಸಿಕ್ಕಿತ್ತು. ಮುಂದೆ ಎಷ್ಟೋ ವರ್ಷ ಅವರನ್ನೇ ಬೀದಿಯಲ್ಲಿ ನೋಡುತ್ತ ಬದುಕಬೇಕಾಯಿತು, ಬಾಯಿ ಬಿಡುವಂತಿರಲಿಲ್ಲ. ಬ್ರಿಟಿಷ್ ಸೇನೆಗೆ ಸುದ್ದಿ ಕೊಡುತ್ತಿದ್ದಳೆಂದು ಐಆರ್‌ಎ ಅವಳ ಮೇಲೆ ಆರೋಪ ಹೊರಿಸಿತ್ತು. ಅದಕ್ಕೆ ಆಧಾರ ಸಿಗಲಿಲ್ಲವೆಂದು 2006ರಲ್ಲಿ ಅಲ್ಲಿನ ಪೊಲೀಸ್ ಒಂಬುಡ್ಸ್‌ಮನ್ ವರದಿ ಹೇಳಿತು.

ಅವಳ ಅಸ್ಥಿ ಸಿಕ್ಕಿದ್ದು 2003ರ ಆಗಸ್ಟಿನಲ್ಲಿ, ಒಂದು ಕಡಲತೀರದ ಮರಳಿನಲ್ಲಿ. ಗುರುತು ಹಿಡಿಯಲು ಮಕ್ಕಳಿಗೆ ಬಟ್ಟೆಯ ಚೂರುಗಳನ್ನು ತೋರಿಸಿದರು. ಮಗನೊಬ್ಬ ಕೇಳಿದ್ದು ಒಂದೇ ಪ್ರಶ್ನೆ, ಅದರಲ್ಲಿ ಪಿನ್ನು ಇದೆಯೇ? ಮಗುವಿನ ಲಂಗೋಟಿಗೆ ಹಾಕುವ ಪಿನ್ನು. ಮನೆ ತುಂಬ ಮಕ್ಕಳಿದ್ದ ಅವಳು ಯಾವಾಗ ಬೇಕಾದೀತೋ ಎಂದು ಅದನ್ನು ಸದಾ ತನ್ನ ಬಟ್ಟೆಗೆ ಸಿಕ್ಕಿಸಿಕೊಂಡಿರುತ್ತಿದ್ದಳು. ಬಟ್ಟೆಯ ಮಡಿಕೆ ತಿರುಗಿಸಿ ನೋಡಿದರೆ ಪಿನ್ನು ಅಲ್ಲೇ ಇತ್ತು.

ನಮ್ಮ ಅಮ್ಮಂದಿರು ಕೈಬಳೆಗೋ ತಾಳಿಸರಕ್ಕೋ ನಾಲ್ಕಾರು ಪಿನ್ನು ಸಿಕ್ಕಿಸಿಕೊಂಡಿರುತ್ತಾರಲ್ಲ, ಅದು ಕಣ್ಣಿಗೆ ಬಂತು. ಬೆಲ್‌ಫಾಸ್ಟ್ ಎಲ್ಲಿ, ನಮ್ಮ ಮನೆ ಎಲ್ಲಿ. ಒಂದು ಪಿನ್ನಿನಿಂದ ಆ ಹೆಂಗಸು ನನಗೆ ಗೊತ್ತಿರುವವಳಾದಳು. ಕೊಂದವರಿಗೆ ದೊಡ್ಡ ಧ್ಯೇಯವಿತ್ತು, ಅವರ ಹೋರಾಟಕ್ಕೆ ಚರಿತ್ರೆಯ ಕಾರಣಗಳೂ ಇದ್ದವು, ಕೀಫ್ ಅದನ್ನೆಲ್ಲ ತಾಳ್ಮೆಯಿಂದ ವಿವರಿಸುತ್ತಾರೆ. ಆದರೆ ಅಷ್ಟೂ ವಿವರಣೆಯ ಕೆಳಗೆ ಆ ಪಿನ್ನು ಚುಚ್ಚುತ್ತಲೇ ಇರುತ್ತದೆ.

ಕನ್ನಡನಾಡಿನಲ್ಲಿ ಇಂಥ ಪುಸ್ತಕಕ್ಕೆ ಕಾದಿರುವ ಕಥೆಗಳು ಬೇಕಾದಷ್ಟಿವೆ. ಕಾಡುಗಳ್ಳ ವೀರಪ್ಪನ್ ಬಗ್ಗೆ ಮೈಸೂರಿನ ಸುನಾದ್ ರಘುರಾಮ್ ಬರೆದರು, ಅವನನ್ನು ಕೊನೆಗಾಣಿಸಿದ ಕಾರ್ಯಾಚರಣೆಯ ಮುಖ್ಯಸ್ಥ ಕೆ. ವಿಜಯಕುಮಾರ್ ಬರೆದರು. ಅವನ ಮೀಸೆ ಎಲ್ಲರಿಗೂ ಗೊತ್ತು. 1991ರ ನವೆಂಬರ್ 10ರಂದು, ಶರಣಾಗುತ್ತೇನೆಂಬ ಮಾತು ನಂಬಿ ನಿರಾಯುಧರಾಗಿ ಕಾಡಿಗೆ ಹೋಗಿ ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಎಷ್ಟು ಜನರಿಗೆ ಗೊತ್ತು? ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಅವರು ಜನರಿಗೆ ಮದ್ದು ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ ಬಲಿಯಾದ 22 ಮಂದಿಯ ಹೆಸರು? ವೀರಪ್ಪನ್‌ನನ್ನು ಹುಡುಕುವ ನೆಪದಲ್ಲಿ ಕಾರ್ಯಪಡೆಯ ಕೈಯಲ್ಲಿ ನಲುಗಿದ ಹಳ್ಳಿಗರದು ಮತ್ತೊಂದು ಕಥೆ. ಅವರಲ್ಲಿ 89 ಜನರಿಗೆ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಹೇಳಿತು. ಆನೆದಂತ, ಗಂಧದ ಮರ ಕೊಂಡು ಶ್ರೀಮಂತರಾದ ವ್ಯಾಪಾರಿಗಳ ಕಥೆಯಂತೂ ಕತ್ತಲಲ್ಲೇ ಇದೆ. ಕೊಳ್ಳುವವನಿಲ್ಲದೆ ಯಾವ ಕಾಡುಗಳ್ಳನೂ ಬೆಳೆಯುವುದಿಲ್ಲ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್, ಇಬ್ಬರೂ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ ನಾಡಪಿಸ್ತೂಲು ಎಂಬುದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಕಂಡಿದೆ ಎಂದು ವಿಶೇಷ ತನಿಖಾ ತಂಡ ಹೇಳಿದೆ. ಗೌರಿ ಪ್ರಕರಣದ ಆರೋಪಪಟ್ಟಿಯಲ್ಲಿ 18 ಹೆಸರುಗಳಿವೆ. ಅವರು ಆರೋಪಿಗಳು, ತೀರ್ಪು ಬರುವವರೆಗೆ ಆರೋಪಿಗಳೇ. ರೊಲೊ ರೊಮಿಗ್ ಎಂಬ ಅಮೆರಿಕದ ಪತ್ರಕರ್ತ ಗೌರಿಯವರ ಕೊಲೆಯ ಬಗ್ಗೆ 2024ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಗೌರಿ ಯಾರಾಗಿದ್ದರು, ಅವರ ಬೆಂಗಳೂರು ಎಂಥದ್ದು ಎಂದು ಅದರಲ್ಲಿ ಅಕ್ಕರೆಯಿಂದ ಬರೆದಿದ್ದಾರೆ. ದೂರದಿಂದ ಬಂದವರು ಇಷ್ಟು ಮಾಡಿದ್ದಾರೆ. ಇಂಥ ಕೆಲಸ ಕನ್ನಡದಲ್ಲೂ ಆಗಲೇಬೇಕು, ತಾಳ್ಮೆಯಿಂದ, ಮಹಜರು ಆರೋಪಪಟ್ಟಿಗಳನ್ನು ಓದಿ, ಸಾಕ್ಷಿಗಳ ಮನೆಗೆ ಹೋಗಿ.

ನನ್ನ ಮಾವ ತೀರಿಕೊಂಡು ಹದಿಮೂರು ವರ್ಷವಾಯಿತು. ಆ ಶನಿವಾರಗಳಲ್ಲಿ ಎಷ್ಟು ಕೊಡುತ್ತಿದ್ದಿರಿ, ಕೊಡದ ವಾರ ಏನಾಯಿತು, ಪಕ್ಕದ ಅಂಗಡಿಯವರು ಯಾಕೆ ಬಾಗಿಲು ಹಾಕಿ ಊರು ಬಿಟ್ಟರು ಎಂದು ಅವರನ್ನು ನಾನು ಕೇಳಲೇ ಇಲ್ಲ. ಆ ಕಾಲದಲ್ಲಿ ಮಾರ್ಕೆಟ್ಟಿನ ತಕ್ಕಡಿಯ ಹಿಂದೆ ನಿಂತಿದ್ದವರಲ್ಲಿ ಉಳಿದವರಿಗೆ ಈಗ ಎಪ್ಪತ್ತು, ಎಂಬತ್ತು. ನಿಮ್ಮ ಮನೆಯಲ್ಲಿ ಅಂಥವರೊಬ್ಬರು ಇದ್ದರೆ, ಈ ಭಾನುವಾರ ಅವರ ಪಕ್ಕ ಕೂತು ಕೇಳಿ, ಬರೆದಿಟ್ಟುಕೊಳ್ಳಿ.